ಮೂರನೆಯ ಕೊಠಡಿ ಮತ್ತು ನನ್ನದೇ ಸಹಿ

ಇವತ್ತು ಮಧ್ಯಾಹ್ನ ಶಿಕ್ಷಣ ಇಲಾಖೆಯ ಕಚೇರಿಯ ಆ ಮೇಜಿನ ಮುಂದೆ ನಾನು ಕೈಕಟ್ಟಿ ನಿಂತಿದ್ದ ರೀತಿ ಕಣ್ಣಿನಿಂದ ಮರೆಯಾಗುತ್ತಿಲ್ಲ. ನಮ್ಮ ಶಾಲೆಯ ಮೂರನೆಯ ಕೊಠಡಿಯ ಚಾವಣಿ ರಾತ್ರಿ ಕಳಚಿ ಬಿದ್ದ ವಿಷಯ ಗೊತ್ತಿರುವವರಿಗೆ ಮತ್ತೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಮೊದಲಿನಿಂದ ಹೇಳುವ ತಾಳ್ಮೆ ಈಗ ನನ್ನಲ್ಲಿಲ್ಲ. ರಾತ್ರಿ ಬಿದ್ದದ್ದು ಹಗಲು ಬಿದ್ದಿದ್ದರೆ ನಾನು ಅರ್ಜಿ ಹಿಡಿದು ಹೋಗಬೇಕಾಗಿರಲಿಲ್ಲ, ಅಧಿಕಾರಿಗಳೇ ಜೀಪು ಹತ್ತಿ ಬರುತ್ತಿದ್ದರು.

ಅರ್ಜಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು, ಒಂಬತ್ತು ಫೋಟೊಗಳ ಜೊತೆಗೆ, ಬೆಂಚಿನ ಮೇಲೆ ಬಿದ್ದಿದ್ದ ಅಂಗೈ ಅಗಲದ ಕಾಂಕ್ರೀಟ್ ಚಕ್ಕೆಯೊಂದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಒಯ್ದಿದ್ದೆ. ಅದರ ಒಂದು ಬದಿಯಲ್ಲಿ ಕಬ್ಬಿಣದ ಸರಳಿನ ತುಕ್ಕು ಹಾಗೆಯೇ ಅಂಟಿಕೊಂಡಿತ್ತು. ಅದನ್ನು ನೋಡಿದ ಮೇಲೆ ಯಾರೂ ಏನೂ ಕೇಳಲಾರರು ಎಂದುಕೊಂಡಿದ್ದೆ. ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು, "ಸರ, ಟೇಬಲ್ ಮ್ಯಾಲೆ ಧೂಳ ಬೀಳ್ತದ, ಅದನ್ನ ಕೆಳಗ ಇಡ್ರಿ" ಎಂದರು. ಇಟ್ಟೆ. ಆಮೇಲೆ ಶಾಲೆಯ ಅಂಕಿಅಂಶ ತುಂಬಿಕೊಡುವ ಯುಡೈಸ್ ನಮೂನೆಯ ಕಳೆದ ಸಲದ ಪ್ರತಿಯನ್ನು ಕಡತದಿಂದ ತೆಗೆದು, ಹಿಂದೆ ನಿಂತಿದ್ದ ಏಳೆಂಟು ಶಿಕ್ಷಕರಿಗೂ ಕೇಳಿಸುವಂತೆ ಓದಿದರು: ಒಟ್ಟು ಕೊಠಡಿ ಐದು, ಸುಸ್ಥಿತಿಯಲ್ಲಿ ನಾಲ್ಕು, ಸಣ್ಣ ದುರಸ್ತಿ ಒಂದು, ದೊಡ್ಡ ದುರಸ್ತಿ ಸೊನ್ನೆ. "ಸಹಿ ಯಾರದದ ಸರ?" ನಾನು ಸುಮ್ಮನಿದ್ದೆ. ಬೆರಳಿಟ್ಟು ಮತ್ತೊಮ್ಮೆ ಕೇಳಿದರು. ನನ್ನದೇ ಸಹಿ, ಅದರ ಕೆಳಗೆ ಸ್ವಲ್ಪ ಓರೆಯಾಗಿ ಬಿದ್ದ ಶಾಲೆಯ ಮೊಹರು. "ಸಣ್ಣ ದುರಸ್ತಿ ಅಂತ ನೀವೇ ಬರದೀರಿ, ಈಗ ಕಲ್ಲು ತಂದು ನಮಗ ತೋರಸ್ತೀರಿ." ಹಿಂದೆ ಯಾರೋ ನಕ್ಕರು. ನಾನೂ ನಕ್ಕೆ. ಅವರು ನಕ್ಕದ್ದನ್ನು ಮರೆತೇನು, ನಾನು ನಕ್ಕದ್ದನ್ನು ಹೇಗೆ ಮರೆಯಲಿ?

ಹೌದು, ಬರೆದವನು ನಾನೇ. ಆಗ ಬಿರುಕು ಕೂದಲೆಳೆಯಷ್ಟಿತ್ತು, ದೊಡ್ಡ ದುರಸ್ತಿ ಎಂದರೆ ನೂರು ಪ್ರಶ್ನೆ ಬರುತ್ತವೆ ಎಂದು ನಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಹೇಳಿದ್ದರು, ಕೊನೆಯ ದಿನಾಂಕವೂ ಹತ್ತಿರವಾಗಿತ್ತು. ಇಪ್ಪತ್ತೆರಡು ವರ್ಷ ಮಕ್ಕಳಿಗೆ "ಓದಿ ನೋಡಿ ಬರೆಯಿರಿ" ಎಂದು ಹೇಳಿಕೊಟ್ಟ ಮಹಾನುಭಾವ ನಾನು, ಮತ್ತೊಮ್ಮೆ ಓದಿ ನೋಡದೆ ಸಹಿ ಮಾಡಿದ್ದೆ. ಆದ್ದರಿಂದ ತಪ್ಪು ನನ್ನದೇ ಎಂದುಕೊಂಡು ಸುಮ್ಮನಾಗಬಹುದಿತ್ತು.

ಆದರೆ ಸುಮ್ಮನಾಗಲು ಆಗುತ್ತಿಲ್ಲ. ನಮ್ಮ ತಾಲ್ಲೂಕು ಹಿಂದುಳಿದಿದೆ ಎಂದು ಸಾಬೀತುಪಡಿಸುವ ಹೊಣೆ ನನ್ನ ಮೇಲೇಕೆ ಬಿತ್ತು? ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆಂದು ಸರ್ಕಾರ ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಲೆಕ್ಕ ಹಾಕಿ ಕೊಟ್ಟಿದೆ. ನಮ್ಮದು ಆ 39ರಲ್ಲೊಂದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರಿತು, 2013ರಲ್ಲಿ ಅಭಿವೃದ್ಧಿ ಮಂಡಳಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು, ಮಂಡಳಿಗೆ 5,000 ಕೋಟಿ ರೂಪಾಯಿ ಎಂದು ಬಜೆಟ್‌ನಲ್ಲಿ ಓದಿದರು, ಮಂಡಳಿಯ ಶಿಕ್ಷಣ ಯೋಜನೆಯಾದ ಅಕ್ಷರ ಆವಿಷ್ಕಾರವೂ ಬಂತು. ಮಳೆ ಬಿಸಿಲಿಗೆ ತಾಳುವ ಕಟ್ಟಡ, ಶಿಕ್ಷಕರಿಗೊಂದರಂತೆ ಕೊಠಡಿ ಇರಲೇಬೇಕೆಂದ ಶಿಕ್ಷಣ ಹಕ್ಕು ಕಾಯ್ದೆ ಕೊಟ್ಟಿದ್ದ ಮೂರು ವರ್ಷದ ಗಡುವು 2013ರ ಮಾರ್ಚ್ 31ಕ್ಕೇ ಮುಗಿದಿದೆ. ಇಷ್ಟೆಲ್ಲ ದಾಟಿ ಬಂದ ಮೇಲೆ ಕೊನೆಗೆ ನಮ್ಮೂರಿನ ಚಾವಣಿ ನಿಂತಿರುವುದು ಒಂದು ಅಂಕಣದ ಸೊನ್ನೆಯ ಮೇಲೆ!

ನಮ್ಮಲ್ಲಿರುವುದು 87 ಮಕ್ಕಳು. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ವರ್ಷಕ್ಕೆ 25,000 ರೂಪಾಯಿ. ಸೀಮೆಸುಣ್ಣ, ರಿಜಿಸ್ಟರು, ಶೌಚಾಲಯದ ಫಿನಾಯಿಲು ಎಲ್ಲವೂ ಅದರಲ್ಲೇ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಬಂದು, ಗದ್ದಲವೆದ್ದ ಮೇಲೆ ವಾಪಸಾಯಿತು. ವಾಪಸಾದದ್ದೇ ಒಳ್ಳೆಯದು, ಹತ್ತಿ ಬಿಡಿಸಲು ಹೋಗುವ ತಾಯಂದಿರ ಮುಂದೆ ಚಾವಣಿಗೆಂದು ಕೈಚಾಚುವುದು ನನ್ನಿಂದಾಗದು. ಆದರೂ ಇವತ್ತು ಬಸ್ಸಿನಲ್ಲಿ ಕುಳಿತು 87ನ್ನು ನೂರರಿಂದ ಗುಣಿಸಿ ನೋಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಯಾರಾದರೂ ಉತ್ತರಿಸಿ. ಎಂಜಿನಿಯರರಾಗಲಿ, ಅಧಿಕಾರಿಗಳಾಗಲಿ, ಇವತ್ತು ಹಿಂದೆ ನಿಂತು ನಕ್ಕವರೇ ಆಗಲಿ. ಸಣ್ಣ ದುರಸ್ತಿ ಯಾವ ದಿನದಿಂದ ದೊಡ್ಡದಾಗುತ್ತದೆ? ನಡುವೆ ಬೀಳುವ ಚಾವಣಿ ಯಾವ ಅಂಕಣಕ್ಕೆ ಸೇರುತ್ತದೆ?

ಸಂಜೆ ಸಿಆರ್‌ಪಿಯವರೇ ಫೋನ್ ಮಾಡಿದ್ದರು. ಈ ಸಲ ದೊಡ್ಡ ದುರಸ್ತಿ ಎಂದೇ ಬರೆಯುತ್ತೇನೆ ಎಂದೆ. "ಬರದ್ರ ಕೊಠಡಿ ಬಂದ್ ಮಾಡಬೇಕಾಗ್ತದ ಸರ, ಮಕ್ಕಳನ್ನ ಎಲ್ಲಿ ಕೂಡಸ್ತೀರಿ, ಯೋಚನೆ ಮಾಡ್ರಿ" ಎಂದರು. ಒಳ್ಳೆಯ ಮನುಷ್ಯರು, ಹೇಳಿದ್ದರಲ್ಲೂ ಸುಳ್ಳಿಲ್ಲ. ಕೊಠಡಿಗೆ ನಾನು ಆಗಲೇ ಬೀಗ ಹಾಕಿದ್ದೇನೆ. ನಾಳೆ ನಾಲ್ಕನೆಯ ತರಗತಿ ಬಿಸಿಯೂಟದ ಕೋಣೆಯ ಮುಂದಿನ ಪಡಸಾಲೆಯಲ್ಲಿ ಕೂರಬೇಕು. ಹನ್ನೊಂದು ಗಂಟೆಗೆ ಒಗ್ಗರಣೆಯ ಘಾಟು ಏಳುವುದರೊಳಗೆ ಗಣಿತ ಮುಗಿಸಬೇಕು.