ನೌಕೆಯಲ್ಲಿ ‘ಗುರುತ್ವದ ಸ್ವಿಚ್’ ಇಲ್ಲ: ಒಂದು ಸ್ಪಷ್ಟನೆ

ವಿಜಯಪುರದ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೊ ಸುತ್ತುತ್ತಿದೆ. ನೌಕೆಯೊಳಗೆ ಜನ ಸಿನಿಮಾದವರ ಹಾಗೆ ನೆಟ್ಟಗೆ ನಡೆಯುತ್ತಾರೆ. ‘ಬಾಹ್ಯಾಕಾಶದಲ್ಲಿ ಗುರುತ್ವವೇ ಇಲ್ಲ, ಸ್ವಿಚ್ ಒತ್ತಿದರೆ ಬರುವ ಯಂತ್ರ ಸಿದ್ಧವಾಗಿದೆ’ ಅಂತ ಕೆಳಗೆ ಬರೆದಿದ್ದಾರೆ. ಎರಡೂ ತಪ್ಪು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲೂ ಭೂಮಿಯ ಸೆಳೆತ ನೆಲದ ಮೇಲಿನದರ ಶೇ 90ರಷ್ಟು ಇದೆ. ನಿಲ್ದಾಣವೂ ಒಳಗಿನವರೂ ಭೂಮಿಯ ಸುತ್ತ ಒಟ್ಟಿಗೇ ಬೀಳುತ್ತಲೇ ಇರುತ್ತಾರೆ, ಅದಕ್ಕೇ ತೇಲುತ್ತಾರೆ.

ಇನ್ನು ಸ್ವಿಚ್. ಅಂಥ ಯಂತ್ರ ಯಾರ ಬಳಿಯೂ ಇಲ್ಲ. ಆಗುವಂಥ ದಾರಿ ಬೇರೆ. ನೀರು ತುಂಬಿದ ಚರಿಗೆಗೆ ಹಗ್ಗ ಕಟ್ಟಿ ಜೋರಾಗಿ ತಿರುಗಿಸಿ ನೋಡಿ. ಚರಿಗೆ ತಲೆಕೆಳಗಾದರೂ ಹನಿ ಬೀಳಲ್ಲ, ನೀರು ತಳಕ್ಕೇ ಒತ್ತಿಕೊಂಡಿರುತ್ತದೆ. ನೌಕೆಯನ್ನೂ ಹಾಗೇ ತಿರುಗಿಸಿದರೆ ಹೊರಗೋಡೆಯೇ ನೆಲವಾಗುತ್ತದೆ.

ತೊಡಕು ಇರುವುದು ಅಳತೆಯಲ್ಲಿ. ನಮ್ಮ ಗೋಳಗುಮ್ಮಟದ ಗುಮ್ಮಟ ಸುಮಾರು 44 ಮೀಟರ್ ಅಗಲ. ಅಷ್ಟೇ ಅಗಲದ ನೌಕೆಯಲ್ಲಿ ಭೂಮಿಯಷ್ಟು ತೂಕ ಬರಬೇಕಾದರೆ ಅದು ನಿಮಿಷಕ್ಕೆ 6ಕ್ಕಿಂತ ಜಾಸ್ತಿ ಸುತ್ತು ಹಾಕಬೇಕು. ಕತ್ತು ಹೊರಳಿಸಿದರೆ ಸಾಕು, ತಲೆ ಗಿರ್ರೆನ್ನುತ್ತದೆ. ಕಾಲಿಗಿಂತ ತಲೆಯ ಬಳಿ ಸೆಳೆತ ಶೇ 8ರಷ್ಟು ಕಡಿಮೆ ಬೇರೆ! ನಿಮಿಷಕ್ಕೆ 2 ಸುತ್ತು ಸಾಕು ಅಂದರೆ ತ್ರಿಜ್ಯವೇ ಸುಮಾರು 224 ಮೀಟರ್ ಬೇಕು.

1966ರಲ್ಲಿ ಜೆಮಿನಿ 11 ನೌಕೆಯನ್ನು ಇನ್ನೊಂದು ನೌಕೆಗೆ ಪಟ್ಟಿಯಿಂದ ಕಟ್ಟಿ ತಿರುಗಿಸಿದ್ದರು. ಹುಟ್ಟಿದ ಸೆಳೆತ ತೀರಾ ಅತ್ಯಲ್ಪ. ಇಂಜಿನ್ ಉರಿಸುತ್ತ ವೇಗ ಹೆಚ್ಚಿಸುತ್ತಲೇ ಹೋದರೂ ಕಾಲಿಗೆ ನೆಲ ಸಿಗುತ್ತದೆ. ಆದರೆ ಅಷ್ಟು ಇಂಧನ ಎಲ್ಲಿಂದ ತರೋದು?

ವಿಡಿಯೊದ ನೌಕೆಯಂತೂ ತಿರುಗುವುದೂ ಇಲ್ಲ, ಅದರ ಇಂಜಿನ್ನೂ ಆಫ್.