ವಾರ್ನಿಶ್ ಹೊಡೆದ ಮಾತ್ರಕ್ಕೆ ಸಾಗರ ದಾಟಲ್ಲ ಸ್ವಾಮಿ

ಮತ್ತೊಂದು ಮಾರಾಟದ ವಿಡಿಯೊ. 1970ರ ದಶಕದ 32 ಅಡಿ ಫೈಬರ್ ಹಾಯಿದೋಣಿ, ‘ಪೂರ್ತಿ ರಿಸ್ಟೋರ್ ಆಗಿದೆ, ಸಾಗರಯಾನಕ್ಕೆ ರೆಡಿ’ ಅಂತೆ. ತೋರಿಸಿದ್ದೆಲ್ಲ ಕನ್ನಡಿಯಂಥ ಬಣ್ಣ, ತೇಗದ ಮೇಲೆ ವಾರ್ನಿಶ್, ಹೊಸ ಕುಶನ್ನು. ಚೈನ್‌ಪ್ಲೇಟ್ ಅನ್ನೋ ಸ್ಟೀಲ್ ಪಟ್ಟಿಗಳನ್ನ ಬಿಚ್ಚಿ ನೋಡಿದ್ರಾ? ಆ ಸುದ್ದಿಯೇ ಇಲ್ಲ.

ಹಾಯಿಕಂಬವನ್ನು ಎಳೆದು ಹಿಡಿಯುವ ತಂತಿಗಳು ದೋಣಿಗೆ ಕಚ್ಚಿಕೊಳ್ಳೋದು ಈ ಪಟ್ಟಿಗಳಿಗೇ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಉಳಿಯೋದು ಅದಕ್ಕೆ ಆಮ್ಲಜನಕ ಸಿಗುವವರೆಗೆ. ಪಟ್ಟಿ ಡೆಕ್ (ದೋಣಿಯ ಮೇಲ್ಹಾಸು) ತೂರಿ ಒಳಹೋಗುವ ಆ ಒಂದಿಂಚಿನಲ್ಲಿ, ಸಂದಿ ಮುಚ್ಚುವ ಸೀಲೆಂಟ್ ಹಿಂದೆ, ಗಾಳಿಯಾಡದೆ ಉಪ್ಪುನೀರು ನಿಂತು ಕೊರೆಯುತ್ತಾ ಹೋಗುತ್ತೆ. ಮೇಲೆ ಫಳಫಳ, ಒಳಗೆ ಬಿರುಕು. ಒಂದು ಪಟ್ಟಿ ಕಿತ್ತರೆ ಕಂಬವೇ ನೀರಿಗೆ.

ಅದೇ ಸಂದಿಯಿಂದ ಇಳಿದ ನೀರು ಡೆಕ್‌ನ ಎರಡು ಫೈಬರ್ ಪದರಗಳ ನಡುವಿನ ಹಗುರ ಬಾಲ್ಸಾ ಮರ ಸೇರುತ್ತೆ. ಹಲಸಿನಹಣ್ಣು ಬಡಿದು ನೋಡಿದಂಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಬಡಿಯಿರಿ: ‘ಟಣ್’ ಅಂದರೆ ಗಟ್ಟಿ, ‘ದಬ್’ ಅಂದರೆ ಒಳಗೆ ಕೊಳೆತ ಗೊಜ್ಜು. ಮೇಲಿನ ಪದರ ಕತ್ತರಿಸಿ, ಒದ್ದೆ ಬಾಲ್ಸಾ ಕೆರೆದು, ಒಣಗಿಸಿ, ಹೊಸದನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಬೇಕು. ಮೇಲ್ಪದರದ ಅಂಚನ್ನು 12ಕ್ಕೆ 1ರ ಓರೆಯಲ್ಲಿ (ದಪ್ಪದ ಹನ್ನೆರಡರಷ್ಟು ಅಗಲಕ್ಕೆ) ಉಜ್ಜಿಯೇ ಹೊಸ ಫೈಬರ್‌ಗ್ಲಾಸ್ ಹೊದಿಸಬೇಕು. ಡೆಕ್ ತೂರುವ ಬೋಲ್ಟ್ 8 ಮಿ.ಮೀ. ಇದ್ದರೆ ತೂತು 12 ಮಿ.ಮೀ. ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದು ಸೆಟ್ ಆದ ಮೇಲೆ ನಡುವೆ ಮತ್ತೆ 8 ಕೊರೆಯಿರಿ. ಸೀಲೆಂಟ್ ಸೋತರೂ ನೀರು ಮರಕ್ಕೆ ತಾಗಲ್ಲ. ಬೇಸರದ ಕೆಲಸ ನಿಜ. ವಿಡಿಯೊಗೆ ಲೈಕೂ ಬರಲ್ಲ.

‘ಆ ಕಾಲದ ದೋಣಿ ಗಟ್ಟಿ, 1959ರ ಪಿಯರ್ಸನ್ ಟ್ರೈಟನ್ ಫೈಬರ್ ಹಾಯಿದೋಣಿಗಳೇ ಇನ್ನೂ ತೇಲ್ತಿವೆ’ ಅಂತೀರಿ. ಗಟ್ಟಿ ಇರೋದು ಹೊಟ್ಟೆ ಕಣ್ರೀ, ದಪ್ಪ ಫೈಬರ್ ಹೊಟ್ಟೆ. ಮುರಿಯೋದು ಅದಲ್ಲ. ನಮ್ಮ ದೇಶದ ನಾವಿಕ ಅಭಿಲಾಷ್ ಟಾಮಿ 2023ರಲ್ಲಿ ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸನ್ನು ಎರಡನೆಯವರಾಗಿ ಮುಗಿಸಿದ್ದೂ ಹಳೇ ವಿನ್ಯಾಸದ ರಸ್ಲರ್ 36 ದೋಣಿಯಲ್ಲೇ. ವಿನ್ಯಾಸ ಹಳೇದಿರಲಿ, ಐವತ್ತು ವರ್ಷದ ತಂತಿ ಕಟ್ಕೊಂಡು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಕಡೆ ಯಾರು ಹೋಗ್ತಾರೆ?

ವಾರ್ನಿಶ್ ಕಂಡರೆ ನಾನೂ ಕರಗ್ತೀನಿ, ಸುಳ್ಳು ಹೇಳಲ್ಲ. ಆದರೆ ವಿಡಿಯೊದ ಒಂಬತ್ತನೇ ನಿಮಿಷದಲ್ಲಿ ಸಿಂಕ್ ಕೆಳಗಿನ ಸೀಕಾಕ್, ಅಂದರೆ ದೋಣಿಯ ಹೊಟ್ಟೆಯ ತೂತು ಮುಚ್ಚುವ ವಾಲ್ವ್, ಒಂದು ಕ್ಷಣ ಕಾಣುತ್ತೆ: ಗುಲಾಬಿ ಬಣ್ಣಕ್ಕೆ ತಿರುಗಿದ ಹಿತ್ತಾಳೆ. ಸತು ಕರಗಿಹೋಗಿ ಉಳಿದ ತಾಮ್ರ ಅದು, ಒದ್ದರೆ ಬಿಸ್ಕೆಟ್ ಥರ ಮುರಿಯುತ್ತೆ. ಅಲ್ಲಿರಬೇಕಾದ್ದು ಕಂಚು, ಪಕ್ಕದಲ್ಲೇ, ಅದು ಮುರಿದರೆ ತೂತಿಗೆ ಜಡಿಯೋಕೆ, ದಾರ ಕಟ್ಟಿ ನೇತುಹಾಕಿದ ಮರದ ಬಿರಡೆ.

ಕಾಮೆಂಟಲ್ಲಿ ಕೇಳಿದೆ. ಉತ್ತರವಾಗಿ ಒಂದು ಹಾರ್ಟ್ ಇಮೋಜಿ ಬಂತು.