ಸಂಸಾರ ಮರೆತರು ಅಂತ ಯಾರು ಹೇಳಿದ್ದು?

ಭಾನುವಾರ ಊರಿಗೆ ಹೋಗಿದ್ದೆ. ಹೈಸ್ಕೂಲಿನಲ್ಲಿ ನಮಗೆ ಖೋ ಖೋ ಕಲಿಸಿದ ಪಿ.ಟಿ. ಸರ್ ತೀರಿಕೊಂಡಿದ್ದರು, ಅವರ ನುಡಿನಮನ ಇತ್ತು. ಸರ್ ಯಾರು, ಏನು ಅಂತ ಇಲ್ಲಿರುವವರಿಗೆ ಮತ್ತೆ ಹೇಳಬೇಕಾಗಿಲ್ಲ. ಖೋ ಖೋ ವಿಷಯ ಬಂದಾಗಲೆಲ್ಲ ಅವರ ಹೆಸರು ತೆಗೆಯುವವಳು ನಾನು. ಅವರು ಹೋದ ದುಃಖ ಇದ್ದೇ ಇದೆ. ಆದರೆ ಇವತ್ತು ಇದನ್ನು ಬರೆಯುತ್ತಿರುವುದು ಸಿಟ್ಟಿನಿಂದ. ತಿಪಟೂರಿನಲ್ಲಿ ಬಸ್ಸು ಹತ್ತಿದವಳು ತುಮಕೂರು ದಾಟುವವರೆಗೂ ಯಾರ ಹತ್ತಿರವೂ ಮಾತಾಡಲಿಲ್ಲ. ಅಷ್ಟು ಹೊಟ್ಟೆ ಉರಿದಿತ್ತು.

ವೇದಿಕೆ ಮೇಲಿದ್ದವರು ಒಬ್ಬರಾದ ಮೇಲೆ ಒಬ್ಬರು ಎದ್ದು ಒಂದೇ ಮಾತು ಹೇಳಿದರು. "ಮನೆ ಮಠ ಬಿಟ್ಟು ಮಕ್ಕಳಿಗೆ ಆಟ ಕಲಿಸಿದರು." "ಹೆಂಡತಿ ಮಕ್ಕಳ ಮುಖ ನೋಡಲಿಲ್ಲ." "ಮೈದಾನವೇ ಅವರ ಸಂಸಾರವಾಗಿತ್ತು." ಪ್ರತಿ ಸಲವೂ ಚಪ್ಪಾಳೆ. ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮ ಕೂತಿದ್ದರು. ಸರ್ ಮನೆಯವರು. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಅಮ್ಮ ಅಂತ. ಪಕ್ಕದಲ್ಲಿ ಮಗಳು. ಯಾರನ್ನು ಸರ್ ತಿರುಗಿ ನೋಡಲಿಲ್ಲ ಅಂತ ಮೈಕ್‌ನಲ್ಲಿ ಹೇಳುತ್ತಿದ್ದರೋ ಆ ಇಬ್ಬರೂ ಅಲ್ಲೇ ಕೂತು ಕೇಳಬೇಕಾಯಿತು. "ಅಮ್ಮಾ, ನೀವೂ ಎರಡು ಮಾತಾಡಿ" ಅಂತ ಒಬ್ಬರೂ ಕರೆಯಲಿಲ್ಲ. ಕೊನೆಯಲ್ಲಿ ಮೇಲೆ ಕರೆದು ಶಾಲು ಹೊದಿಸಿದರು, ಫೋಟೊ ತೆಗೆಸಿಕೊಂಡರು, ಕೆಳಗೆ ಕಳಿಸಿದರು. ಅಷ್ಟೇ.

ನಮ್ಮ ಸರ್ ಸಂಸಾರ ಬಿಟ್ಟವರಲ್ಲ. ಸಂಸಾರವನ್ನು ಕಟ್ಟಿಕೊಂಡೇ ಮೈದಾನಕ್ಕೆ ಬಂದವರು. ಆ ಮನೆ ಇಲ್ಲದಿದ್ದರೆ ನಮ್ಮೂರಿನ ಹುಡುಗಿಯರು ಖೋ ಖೋ ಆಡುತ್ತಲೇ ಇರಲಿಲ್ಲ. ಇದನ್ನು ನಾನು ಬಾಯಿ ಮಾತಿಗೆ ಹೇಳುತ್ತಿಲ್ಲ. ನಾನು ಆ ತಂಡದಲ್ಲಿ ಆಡಿದವಳು.

ತೊಂಬತ್ತರ ದಶಕದ ಊರು ನೆನಪಿಸಿಕೊಳ್ಳಿ. ಹೈಸ್ಕೂಲ್ ಹುಡುಗಿ ಚಡ್ಡಿ ಹಾಕಿಕೊಂಡು ಮೈದಾನಕ್ಕೆ ಇಳಿಯುವುದು ಅಂದರೆ ಏನು ಅಂತ. ನಮ್ಮಪ್ಪ ಖಡಾಖಂಡಿತವಾಗಿ ಬೇಡ ಅಂದಿದ್ದರು. ನನ್ನ ಜೊತೆಗಿದ್ದವರ ಮನೆಗಳಲ್ಲೂ ಅದೇ ಕತೆ. ಸರ್ ಒಬ್ಬರೇ ಬಂದು ಕೇಳಿದ್ದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದರು. ಬಂದಿದ್ದು ಅಮ್ಮ. ಅಡುಗೆಮನೆಗೆ ಹೋಗಿ ನಮ್ಮಮ್ಮನ ಹತ್ತಿರ ಕೂತರು. ಚಡ್ಡಿ ತಾನೇ ಸಮಸ್ಯೆ ಅಂದರು. ಮುಂದಿನ ವಾರ ತಾವೇ ಹೊಲಿಗೆ ಮಿಷನ್‌ನಲ್ಲಿ ನಮ್ಮೆಲ್ಲರಿಗೂ ಮೊಣಕಾಲಿನ ಕೆಳಗೆ ಇಳಿಯುವ ಹಾಗೆ ಸಡಿಲವಾದ ಪ್ಯಾಂಟು ಹೊಲಿದು ಕೊಟ್ಟರು. ಸೊಂಟಕ್ಕೆ ಎಲಾಸ್ಟಿಕ್ ಹಾಕಿ, ಅದರ ಮೇಲೆ ಲಾಡಿಯನ್ನೂ ಇಟ್ಟಿದ್ದರು. ಖೋ ಖೋದಲ್ಲಿ ನಿಮಿಷಕ್ಕೆ ಎಷ್ಟು ಸಲ ಕೂರಬೇಕು, ಏಳಬೇಕು. ಬರೀ ಎಲಾಸ್ಟಿಕ್ ಇದ್ದರೆ ಜಾರುತ್ತೆ ಅಂತ ಅವರಿಗೆ ಗೊತ್ತಿತ್ತು. ಆಟ ನೋಡಿ ಹೊಲಿದ ಬಟ್ಟೆ ಅದು.

ಆಮೇಲೆ ಜಿಲ್ಲಾ ಮಟ್ಟಕ್ಕೆ ಹೋಗುವ ಪ್ರಶ್ನೆ. ಹೋಬಳಿ, ತಾಲ್ಲೂಕು ಮಟ್ಟದ ತನಕ ಬೆಳಗ್ಗೆ ಹೋಗಿ ಸಂಜೆ ಬರಬಹುದು. ತುಮಕೂರಿಗೆ ಹೋದರೆ ರಾತ್ರಿ ಉಳಿಯಬೇಕು. ವಿಭಾಗ ಮಟ್ಟ, ರಾಜ್ಯ ಮಟ್ಟ ಅಂದರೆ ಇನ್ನೂ ದೂರ. ಹೆಣ್ಣುಮಕ್ಕಳನ್ನು ಯಾರ ಜೊತೆ ಕಳಿಸೋದು? ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕಿ ಇರಲಿಲ್ಲ. ಮನೆಯವರು ಕೇಳುತ್ತಿದ್ದದ್ದು ಒಂದೇ ಮಾತು, "ಅವರ ಮನೆಯವರೂ ಬರ್ತಾರಾ?" ಬರುತ್ತಾರೆ ಅಂದರೆ ಆಯಿತು, ಒಪ್ಪಿಗೆ. ಅಮ್ಮ ಬಂದರು. ಪ್ರತಿ ಸಲವೂ ಬಂದರು. ತಮ್ಮ ಪುಟ್ಟ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೆಂಪು ಬಸ್ಸಿನಲ್ಲಿ ನಿಂತೇ ಬಂದಿದ್ದಾರೆ. ನಾವು ಮಲಗಿದ್ದ ಶಾಲೆಯ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡು ಮಲಗಿದ್ದಾರೆ. ಅವರ ಕೈಚೀಲದಲ್ಲಿ ಸೇಫ್ಟಿ ಪಿನ್ನು, ಐಯೋಡೆಕ್ಸ್, ಒಗೆದು ಮಡಿಸಿಟ್ಟ ಹತ್ತಿ ಬಟ್ಟೆ ಎಲ್ಲ ಇರುತ್ತಿತ್ತು. ಪಂದ್ಯದ ದಿನವೇ ಮುಟ್ಟಾದ ಹುಡುಗಿ ಯಾರ ಹತ್ತಿರ ಹೇಳಿಕೊಳ್ಳಬೇಕಿತ್ತು? ಸರ್ ಹತ್ತಿರವಾ? ಅಮ್ಮ ಇಲ್ಲದಿದ್ದರೆ ಅವಳು ಸುಮ್ನೆ ಹೊಟ್ಟೆನೋವು ಅಂತ ಹೇಳಿ ಹೊರಗೆ ಕೂರುತ್ತಿದ್ದಳು. ಮುಂದಿನ ವರ್ಷ ಆಟಕ್ಕೇ ಬರುತ್ತಿರಲಿಲ್ಲ.

ಇದನ್ನೆಲ್ಲ ಬಿಟ್ಟು, ಸರ್ ಮನೆ ಮರೆತರಂತೆ!

ಸರ್ ಮನೆಯನ್ನು ಹೇಗೆ ನೋಡಿಕೊಂಡರು ಅಂತಾನೂ ಹೇಳುತ್ತೇನೆ. ಅವರ ತಾಯಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಸಂಜೆ ಆರೂವರೆ ಆಗುತ್ತಿದ್ದ ಹಾಗೆ ಸರ್ ವಿಷಲ್ ಊದಿ ಪ್ರಾಕ್ಟೀಸ್ ನಿಲ್ಲಿಸುತ್ತಿದ್ದರು. ಆಟ ಎಷ್ಟೇ ರಂಗೇರಿರಲಿ, ನಾಳೆಯೇ ಪಂದ್ಯ ಇರಲಿ. "ಅಜ್ಜಿಗೆ ಊಟ ಮಾಡಿಸೋ ಹೊತ್ತು, ನಡೀರಿ" ಅನ್ನುತ್ತಿದ್ದರು. ಅಮ್ಮ ಮಾಡಿಸಬಹುದಿತ್ತು. ಆದರೆ ಮಗ್ಗುಲು ಬದಲಿಸಿ, ಬೆನ್ನು ಒರೆಸಿ, ಮುದ್ದೆ ಮಿದ್ದು ತುತ್ತು ಕೊಡುವ ಕೆಲಸವನ್ನು ಸರ್ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೆಳಗ್ಗೆ ಮಗಳಿಗೆ ಎರಡು ಜಡೆ ಹಾಕುತ್ತಿದ್ದವರೂ ಅವರೇ. ನಮ್ಮೂರಿನ ಎಷ್ಟು ಗಂಡಸರು ಮಗಳಿಗೆ ಜಡೆ ಹಾಕಿದ್ದಾರೆ? ಮೊನ್ನೆ ವೇದಿಕೆ ಮೇಲೆ ಕೂತವರಲ್ಲಿ ಒಬ್ಬರಾದರೂ ಹಾಕಿದ್ದಾರಾ? ಮನೆ ಕೆಲಸದ ಗಂಧವೂ ಇಲ್ಲದವರು ಅದನ್ನೆಲ್ಲ ಮಾಡಿದವರ ಬಗ್ಗೆ "ಸಂಸಾರದ ಕಡೆ ನೋಡಲಿಲ್ಲ" ಅಂತ ಭಾಷಣ ಮಾಡುತ್ತಾರೆ. ಅದಕ್ಕೇ ನನಗೆ ಸಿಟ್ಟು.

ಶನಿವಾರ ಮಧ್ಯಾಹ್ನ ಕೋರ್ಟ್ ಗೆರೆ ಹಾಕುವ ಕೆಲಸ ಇರುತ್ತಿತ್ತು. ಮೊದಲು ನೀರು ಚಿಮುಕಿಸಿ ಧೂಳು ಕೂರಿಸಬೇಕು. ಹಗ್ಗದ ಒಂದು ತುದಿ ಈ ಕಂಬಕ್ಕೆ, ಇನ್ನೊಂದು ತುದಿ ಮಗಳ ಕೈಗೆ. ಅವಳು ಹಗ್ಗ ಎಳೆದು ಹಿಡಿದುಕೊಂಡು ಅಲ್ಲಾಡದೆ ನಿಲ್ಲುತ್ತಿದ್ದಳು. ತಳಕ್ಕೆ ತೂತು ಹೊಡೆದ ಡಬ್ಬಕ್ಕೆ ಸುಣ್ಣದ ಪುಡಿ ತುಂಬಿ, ಸರ್ ಹಗ್ಗದ ಗುಂಟ ಬಗ್ಗಿ ನಡೆಯುತ್ತಾ ಡಬ್ಬ ತಟ್ಟುತ್ತಾ ಬರುತ್ತಿದ್ದರು. ಕಂಬದಿಂದ ಕಂಬಕ್ಕೆ ಹೋಗುವ ನಡುಪಟ್ಟಿ ಇರುವುದು ಬರೀ ಮೂವತ್ತು ಸೆಂಟಿಮೀಟರ್ ಅಗಲ. ಹಗ್ಗ ಒಂದಿಷ್ಟು ಜಗ್ಗಿದರೂ ಗೆರೆ ಸೊಟ್ಟ. "ಬಿಗಿ ಹಿಡಿ ಮಗಾ" ಅಂತ ಅವರು, "ಹಿಡಿದಿದ್ದೀನಿ ಅಪ್ಪಾ" ಅಂತ ಅವಳು. ಸ್ವಲ್ಪ ದೊಡ್ಡವಳಾದ ಮೇಲೆ ಸ್ಕೋರು ಬರೆಯುವುದೂ ಅವಳದೇ ಕೆಲಸ. ಈ ಹುಡುಗಿಯ ಮುಖವನ್ನೇ ಸರ್ ನೋಡಿಲ್ಲವಂತೆ.

ಕಲಿಸುವುದರಲ್ಲಿ ಸರ್ ಬಹಳ ಕಟ್ಟುನಿಟ್ಟು. ಮೊದಲ ತಿಂಗಳು ಓಡಲಿಕ್ಕೇ ಬಿಡುತ್ತಿರಲಿಲ್ಲ. ಕೂರುವುದು, ಏಳುವುದು, ಮತ್ತೆ ಕೂರುವುದು. ಖೋ ಖೋ ಅಂದರೆ ಅಟ್ಟಿಸಿಕೊಂಡು ಓಡುವುದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಟ್ಟುವ ತಂಡದ ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ನಡುಪಟ್ಟಿಯಲ್ಲಿ ಕೂತಿರುತ್ತಾರೆ. ಒಂಬತ್ತನೆಯವಳು ಮಾತ್ರ ಓಡುತ್ತಿರುತ್ತಾಳೆ. ಅವಳು ನಡುಪಟ್ಟಿ ದಾಟುವ ಹಾಗಿಲ್ಲ, ಹಿಡಿದ ದಿಕ್ಕು ಬದಲಿಸುವ ಹಾಗಿಲ್ಲ. ಹಾಗಾಗಿ ಆಟ ಇರುವುದೇ ಕೂತವರ ಕಾಲಲ್ಲಿ. ಓಡುವವಳು ಹಿಂದಿನಿಂದ ಬೆನ್ನು ಮುಟ್ಟಿ ಖೋ ಅಂದ ತಕ್ಷಣ ಅಟ್ಟುವ ಸರದಿ ನಿನ್ನದು, ಎಷ್ಟು ಬೇಗ ಏಳುತ್ತೀಯ ಅನ್ನುವುದೇ ಮುಖ್ಯ. ಖೋ ಬೀಳುವ ಮುಂಚೆ ಎದ್ದರೆ ಫೌಲ್. "ಏಳೋದು ಕಲೀರಿ ಮೊದಲು. ಓಡೋದು ನಾಯೀನೂ ಓಡುತ್ತೆ" ಅನ್ನುತ್ತಿದ್ದರು. ಖೋ ಅಂತ ಮೆಲ್ಲಗೆ ಹೇಳಿದರೆ ಇನ್ನೂ ಸಿಟ್ಟು. "ಬಾಯಲ್ಲಿ ಗಿಣ್ಣು ಇಟ್ಕೊಂಡಿದ್ದೀಯೇನೇ? ಸಂತೆಬೀದಿಗೆ ಕೇಳಿಸಬೇಕು!" ಮನೆಯಲ್ಲಿ ಹೆಣ್ಣುಮಕ್ಕಳು ಗಟ್ಟಿಯಾಗಿ ಮಾತಾಡಬಾರದು ಅಂತ ಹೇಳಿಸಿಕೊಂಡು ಬೆಳೆದ ನಾವು ಅಲ್ಲಿ ಗಂಟಲು ಹರಿಯುವ ಹಾಗೆ ಕೂಗಿದೆವು. ನಾನು ಆಸ್ಪತ್ರೆ ವಾರ್ಡಿನಲ್ಲಿ ಇವತ್ತಿಗೂ ಕೂಗಿ ಕರೆದರೆ ಮೂರನೇ ಕೋಣೆಗೆ ಕೇಳುತ್ತದೆ.

ಅಮ್ಮನಿಗೂ ಆಟ ಅರೆದು ಕುಡಿದಷ್ಟು ಗೊತ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ಫೈನಲ್ ದಿನ ನಾನು ಸರ್‌ಗೆ ಫೋನ್ ಮಾಡಿದ್ದೆ. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಲ್ಲಿ ಸೋಲಿಸಿದ್ದರು. ಗಂಡುಮಕ್ಕಳೂ ಕಪ್ ಗೆದ್ದಿದ್ದರು. ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ ಚೈತ್ರಾ ಇದ್ದಳು. ಸರ್‌ಗೆ ಖುಷಿಯಲ್ಲಿ ಮಾತೇ ಹೊರಡಲಿಲ್ಲ, ಫೋನನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಪೂರಾ ಮ್ಯಾಚನ್ನು ನನಗೆ ಬಿಡಿಸಿ ಹೇಳಿದರು. ಯಾರು ಕಂಬದ ಹತ್ತಿರ ಹೇಗೆ ಹಾರಿ ಮುಟ್ಟಿದರು, ಯಾರು ಕೂತವರ ನಡುವೆ ಆ ಕಡೆ ಈ ಕಡೆ ನುಸುಳುತ್ತಾ ಚೈನ್ ಹಾಕಿಕೊಂಡು ಎಷ್ಟು ಹೊತ್ತು ತಪ್ಪಿಸಿಕೊಂಡರು, ನೇಪಾಳದವರು ಎಲ್ಲಿ ಎಡವಿದರು. ಇಂಥ ಹೆಂಗಸಿನ ಕೈಗೆ ಮೈಕ್ ಕೊಡದೆ, ಶಾಲು ಹೊದಿಸಿ ಕೆಳಗಿಳಿಸಿದರು.

ನಾನು ಅಲ್ಲೇ ಸಿಡಿಮಿಡಿ ಅಂದಾಗ, ಜೊತೆಗೆ ಓದಿದ ಒಬ್ಬ ಹೇಳಿದ. "ಸತ್ತವರ ಬಗ್ಗೆ ನಾಲ್ಕು ಒಳ್ಳೆ ಮಾತು ಆಡ್ತಿದ್ದಾರೆ, ಬಿಡೇ. ಅದಕ್ಕೂ ತಕರಾರಾ?" ಹೌದು ಕಣೋ, ಅದಕ್ಕೇ ತಕರಾರು. ಸುಳ್ಳು ಹೊಗಳಿಕೆಯಿಂದ ಏನಾಗುತ್ತೆ ಗೊತ್ತಾ? ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಇಬ್ಬರು ಚಿಕ್ಕ ವಯಸ್ಸಿನ ದೈಹಿಕ ಶಿಕ್ಷಕರು ಇದ್ದರು. ಒಬ್ಬರ ತೊಡೆ ಮೇಲೆ ಮಗು ಮಲಗಿತ್ತು. ಅವರಿಗೆ ಏನು ಕೇಳಿಸಿರಬೇಕು? ಒಳ್ಳೆ ಕೋಚ್ ಆಗಬೇಕಾದರೆ ಮಗುವನ್ನು ಬಿಟ್ಟು ಬರಬೇಕು ಅಂತ. ಅವರ ಹೆಂಡತಿಗೆ ಏನು ಕೇಳಿಸುತ್ತೆ? ನಿನ್ನ ಗಂಡ ನಿನ್ನವನಲ್ಲ ಅಂತ. ಹಾಗೆ ಹೆದರಿಸಿದರೆ ಯಾರು ಬರುತ್ತಾರೆ ಸಂಜೆ ಮೈದಾನಕ್ಕೆ?

ಇನ್ನೊಂದು ಇದೆ. ತ್ಯಾಗ ಅಂತ ಹೆಸರಿಟ್ಟರೆ ಯಾರೂ ಏನೂ ಕೊಡಬೇಕಾಗಿಲ್ಲ ನೋಡಿ. ನಮ್ಮ ಬಸ್ ಚಾರ್ಜು, ಊಟದ ದುಡ್ಡು ಎಷ್ಟು ಸಲ ಅಮ್ಮನ ಹಾಲಿನ ದುಡ್ಡಿನಿಂದ ಹೋಗಿದೆ. ಬಿಲ್ಲು ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಿತ್ತು. ಆಗ ಯಾರೂ ಕೇಳಲಿಲ್ಲ. ತ್ಯಾಗಿಗೆ ಬಸ್ ಚಾರ್ಜು ಯಾಕೆ ಅಲ್ವಾ? ವಿಶ್ವಕಪ್ ಗೆದ್ದು ಬಂದ ಚೈತ್ರಾ ಮತ್ತು ಗಂಡುಮಕ್ಕಳ ತಂಡದಲ್ಲಿದ್ದ ನಮ್ಮ ರಾಜ್ಯದ ಗೌತಮ್, ರಾಜ್ಯ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿ ಬೇಡ ಅಂದಿದ್ದು ನೆನಪಿದೆ ತಾನೇ? ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದಕ್ಕೆ ಹೋಲಿಸಿದರೆ ಅದು ತೀರಾ ಕಡಿಮೆ ಇತ್ತು. ಆಗಲೂ ಕೆಲವರು ದುಡ್ಡಿನಾಸೆ ಅಂದರು. ಆಟಗಾರರು ಹಸಿದುಕೊಂಡೇ ಆಡಬೇಕು, ಕಲಿಸುವವರು ಮನೆ ಮಾರಿಕೊಂಡೇ ಕಲಿಸಬೇಕು. ಆಗ ಮಾತ್ರ ನಮಗೆ ಅವರು ದೊಡ್ಡವರು. ನನಗೆ ಈ ಬುದ್ಧಿಯೇ ಹಿಡಿಸುವುದಿಲ್ಲ.

ಪ್ರಶಸ್ತಿಗಳ ವಿಷಯಾನೂ ಅಷ್ಟೇ. ಆಟ ಕಲಿಸುವವರಿಗೆ ಕೇಂದ್ರ ಸರ್ಕಾರ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾಗಿದ್ದು 1985ರಲ್ಲಿ. ಆ ಮೊದಲ ಸಲವೇ ಪಡೆದವರಲ್ಲಿ ಒ.ಎಂ. ನಂಬಿಯಾರ್ ಒಬ್ಬರು, ಪಿ.ಟಿ. ಉಷಾ ಅವರ ಗುರು. ಅಂಥ ದೊಡ್ಡ ಮನುಷ್ಯನಿಗೂ ಪದ್ಮಶ್ರೀ ಬರುವ ಹೊತ್ತಿಗೆ 2021 ಆಗಿತ್ತು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಅವರಿಗೆ ಉಷಾ ಸಿಕ್ಕಿದ್ದರು. ನಮ್ಮ ಸರ್‌ಗೆ ಸಿಕ್ಕಿದ್ದು ನಾವು. ಒಬ್ಬಳು ನರ್ಸ್, ಒಬ್ಬಳು ಪೊಲೀಸ್, ಒಬ್ಬಳು ಬಸ್ ಕಂಡಕ್ಟರ್, ಇಬ್ಬರು ಮೇಷ್ಟ್ರುಗಳು, ಉಳಿದವರು ತೋಟ, ಮನೆ ನೋಡಿಕೊಂಡು ಇದ್ದಾರೆ. ಒಬ್ಬರಿಗೂ ಭಾರತದ ಜೆರ್ಸಿ ಸಿಗಲಿಲ್ಲ. ಅದರ ಬಗ್ಗೆ ಸರ್‌ಗೆ ಎಳ್ಳಷ್ಟೂ ಬೇಜಾರಿರಲಿಲ್ಲ. ನಮ್ಮಲ್ಲಿ ಯಾರ ಮದುವೆಗೂ ಬರದೆ ಇದ್ದವರಲ್ಲ, ಯಾರ ಮಗುವಿನ ನಾಮಕರಣಕ್ಕೂ ಬರದೆ ಇದ್ದವರಲ್ಲ. ಸರ್, ಅಮ್ಮ ಇಬ್ಬರೂ ಜೊತೆಯಲ್ಲೇ ಬರುತ್ತಿದ್ದರು.

ಸಭೆ ಮುಗಿದ ಮೇಲೆ ಅಮ್ಮನ ಹತ್ತಿರ ಹೋದೆ. ಶಾಲನ್ನು ಮಡಿಸಿ ತೊಡೆ ಮೇಲೆ ಇಟ್ಟುಕೊಂಡಿದ್ದರು. ನಾನು ಏನೋ ಹೇಳಲು ಹೊರಟೆ. ಅವರೇ ಅಂದರು, "ಭಾಷಣ ಮಾಡಿದ್ನಲ್ಲ, ಆ ಯಪ್ಪ ಯಾವತ್ತು ನೋಡಿದ್ದ ನಮ್ಮನೇನ? ಒಂದು ದಿನ ಬಂದು ಕಾಫಿ ಕುಡಿದೋನಲ್ಲ." ಅಷ್ಟು ಹೇಳಿ, ನನ್ನ ಮಗ ಈಗ ಎಷ್ಟನೇ ಕ್ಲಾಸು, ಆಟ ಆಡ್ತಾನಾ ಅಂತ ವಿಚಾರಿಸಿದರು. ಮಗಳು ಮಾತ್ರ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. "ಅಪ್ಪ ನಮ್ಮನ್ನ ನೋಡ್ಲಿಲ್ಲ ಅಂದ್ರಲ್ಲಕ್ಕಾ" ಅಂದಳು. ಅವಳನ್ನು ತಬ್ಬಿಕೊಂಡು ನಿಂತಾಗ ತೀರ್ಮಾನ ಮಾಡಿದೆ, ಇದನ್ನು ಬರೆಯಲೇಬೇಕು ಅಂತ.

ಈಗ ಕೆಲಸದ ಮಾತು. ಹಳೆ ವಿದ್ಯಾರ್ಥಿಗಳು ಸರ್ ಹೆಸರಲ್ಲಿ ವರ್ಷಕ್ಕೊಂದು ಖೋ ಖೋ ಪಂದ್ಯಾವಳಿ ಮಾಡೋಣ ಅಂತ ದುಡ್ಡು ಸೇರಿಸುತ್ತಿದ್ದಾರೆ. ಒಳ್ಳೆ ಕೆಲಸ, ನಾನೂ ಕೊಡುತ್ತೇನೆ. ಆದರೆ ಕಪ್ ಮೇಲೆ ಸರ್ ಹೆಸರಿನ ಜೊತೆ ಅಮ್ಮನ ಹೆಸರೂ ಇರಬೇಕು. ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ. ಹುಡುಗಿಯರ ಪಂದ್ಯ ಮೊದಲು ಇಡಬೇಕು. ದೂರದಿಂದ ಬರುವ ತಂಡಗಳ ಜೊತೆ ಬರುವ ಹೆಂಗಸರಿಗೆ ಮಲಗಲು ಸರಿಯಾದ ಕೋಣೆ, ಬಾಗಿಲಿರುವ ಶೌಚಾಲಯ ಇರಬೇಕು. ಉದ್ಘಾಟನೆಗೆ ಅಮ್ಮನನ್ನು ಕರೆದು ಅವರ ಕೈಗೆ ಮೈಕ್ ಕೊಡಬೇಕು, ಎಷ್ಟು ಹೊತ್ತು ಮಾತಾಡಿದರೂ ಸರಿ. ಅಮ್ಮನನ್ನು ಒಪ್ಪಿಸುವ ಜವಾಬ್ದಾರಿ ನನ್ನದು. ಇದಕ್ಕೆ ಒಪ್ಪದಿದ್ದರೆ ನನ್ನ ಕಡೆಯಿಂದ ಬಿಡಿಗಾಸೂ ಇಲ್ಲ. ತಂಡದಲ್ಲಿ ಆಡಿದ ನಮ್ಮ ಹುಡುಗಿಯರೆಲ್ಲ ಇದನ್ನು ಓದಿ. ಏನಂತೀರಿ ಅಂತ ಕೆಳಗೆ ಬರೆಯಿರಿ. ಮುಂದಿನ ಸಭೆಗೆ ನಾನೊಬ್ಬಳೇ ಹೋಗುವುದಿಲ್ಲ, ಎಲ್ಲರೂ ಒಟ್ಟಿಗೆ ಹೋಗೋಣ.